ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ

ಮೆಕ್ಸಿಕೊದ ಗ್ವಾದಲಹಾರಾದಲ್ಲಿ ಇಳಿದ ಮೊದಲ ರಾತ್ರಿ ನಾನು ಗಂಡಸಾಗಿಬಿಟ್ಟೆ.

ಬೆಂಗಳೂರು ಬಿಟ್ಟು ಮೂವತ್ತು ಗಂಟೆಯ ಮೇಲಾಗಿತ್ತು. ಎರಡು ಕಡೆ ವಿಮಾನ ಬದಲಿಸಿ, ಕಾಲು ಊದಿಸಿಕೊಂಡು, ಬಾಡಿಗೆಗೆ ಹಿಡಿದಿದ್ದ ಕೋಣೆಯ ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟು ನಿಂತಿದ್ದೆ. ಮನೆಯ ಒಡತಿ ಎಪ್ಪತ್ತರ ಆಸುಪಾಸಿನ ಹೆಂಗಸು. ಊಟ ಮಾಡುತ್ತೀಯಾ ಅಂತ ಕೇಳಿದರು. ಎಂಟು ತಿಂಗಳು ಶನಿವಾರ ಶನಿವಾರ ಸ್ಪ್ಯಾನಿಷ್ ಕ್ಲಾಸಿಗೆ ಹೋಗಿ ಕಲಿತದ್ದನ್ನೆಲ್ಲ ಒಟ್ಟು ಮಾಡಿ ಹೇಳಿದೆ: "ಎಸ್ತೊಯ್ ಮುಯ್ ಕನ್ಸಾದೊ." ತುಂಬಾ ಸುಸ್ತಾಗಿದೆ ಅಂತ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಚೂಡಿದಾರ, ಜಡೆ, ಅರ್ಧ ಅಳಿಸಿದ ಕುಂಕುಮ. ಆಮೇಲೆ ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಹಾಗೆ, "ಕನ್ಸಾದಾ, ಮಿಹಾ. ಕನ್ಸಾ...ದಾ" ಅಂದರು. 'ಮಿಹಾ' ಅಂದರೆ ನನ್ನ ಮಗಳೇ. ಅದರಲ್ಲೂ ಆ 'ಆ'ಕಾರ ಇತ್ತು.

ಕ್ಲಾಸಿನಲ್ಲಿ ನಮಗೆ ಪಾಠ ಮಾಡುತ್ತಿದ್ದವರು ಗಂಡಸು. ಅವರಿಗೆ ಸುಸ್ತಾದಾಗ 'ಕನ್ಸಾದೊ' ಅನ್ನುತ್ತಿದ್ದರು. ನಾನು ಅದನ್ನೇ ಗಿಳಿಯ ಹಾಗೆ ಕಲಿತಿದ್ದೆ. ಹಾಗಂತ ನಿಯಮ ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಅಂತ ಕೊಟ್ಟಿದ್ದರೆ ಸರಿಯಾಗೇ ಬರೆಯುತ್ತಿದ್ದೆ. ಆದರೆ 'ನಾನು' ಅಂತ ಬಾಯಿ ತೆರೆದಾಗ ಹೆಣ್ಣೋ ಗಂಡೋ ಎಂಬ ಪ್ರಶ್ನೆಯೇ ನನ್ನ ತಲೆಗೆ ಬರಲಿಲ್ಲ. ಯಾಕೆ ಬರಬೇಕು? ನಾನು ಬಂದೆ, ನಾನು ಉಂಡೆ, ನನಗೆ ಸುಸ್ತಾಗಿದೆ. ಇದನ್ನೇ ನನ್ನ ಗಂಡನೂ ಹೇಳುತ್ತಾನೆ. ಕತ್ತಲಲ್ಲಿ ಕೇಳಿದರೆ ಯಾರು ಅಂತ ದನಿಯಿಂದ ಗೊತ್ತಾಗಬೇಕು, ಅಷ್ಟೆ.

ನಮ್ಮ ಕಂಪನಿ ಮೆಕ್ಸಿಕೊದ ಕೆಲವು ಗಿರಾಕಿಗಳ ಇನ್‌ವಾಯ್ಸ್, ಪೇಮೆಂಟ್ ಲೆಕ್ಕ ನೋಡಿಕೊಳ್ಳುತ್ತದೆ. ಆ ಕೆಲಸಕ್ಕಾಗಿ 2024ರ ಸೆಪ್ಟೆಂಬರ್‌ನಿಂದ ಮೂರು ತಿಂಗಳು ನಾನು ಅಲ್ಲಿದ್ದೆ. ವಾಪಸ್ ಬಂದ ಮೇಲೆ ಸ್ಪ್ಯಾನಿಷ್ ಕಲಿಯಲು ಹೊರಟ ಆಫೀಸಿನ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಮೇಜು ಯಾಕೆ ಹೆಣ್ಣು?" ನನಗೂ ಮೊದಲು ಅದೇ ದೊಡ್ಡ ಪ್ರಶ್ನೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ನಮ್ಮಂಥವರು ಎಡವುವುದು ಬೇರೆ ಕಡೆ.

ಮೇಜಿಗೆ ಸೀರೆ ಉಡಿಸಬೇಡಿ

ಆದರೂ ಮೇಜಿನಿಂದಲೇ ಶುರು ಮಾಡೋಣ. 'ಲಾ ಮೇಸಾ' ಅಂದರೆ ಮೇಜು, ಹೆಣ್ಣು. 'ಎಲ್ ಲೀಬ್ರೊ' ಅಂದರೆ ಪುಸ್ತಕ, ಗಂಡು. ಪದದ ಮುಂದಿನ 'ಲಾ' ಹೆಣ್ಣಿನ ಗುರುತು, 'ಎಲ್' ಗಂಡಿನ ಗುರುತು. ಮೇಜಿನಲ್ಲಿ ಹೆಣ್ತನ ಎಲ್ಲಿದೆ ಅಂತ ಹುಡುಕಲು ಹೋದರೆ ತಲೆ ಕೆಡುತ್ತದೆ. ಒಂದು ಸಣ್ಣ ಉದಾಹರಣೆ ಸಾಕು. ಕುರ್ಚಿಗೆ ಮೆಕ್ಸಿಕೊದವರು 'ಲಾ ಸೀಯಾ' ಅನ್ನುತ್ತಾರೆ. ಅದೇ ಕುರ್ಚಿಗೆ ಕೈ ಇಟ್ಟು, ಮೆತ್ತೆ ಹಾಕಿ ದೊಡ್ಡದು ಮಾಡಿದರೆ 'ಎಲ್ ಸೀಯೋನ್'. ಮೆತ್ತೆ ಹಾಕಿದ ಕೂಡಲೇ ಹೆಣ್ಣು ಗಂಡಾಯಿತು. ಕುರ್ಚಿಯ ಒಳಗೇನೂ ಬದಲಾಗಿಲ್ಲ, ಪದದ ಬಾಲ ಬದಲಾಗಿದೆ. ಲಿಂಗ ಇರುವುದು ಪದದ ಬಾಲದಲ್ಲಿ, ಮೇಜಿನ ಕಾಲಿನಲ್ಲಿ ಅಲ್ಲ.

ಒಂದು ಮಟ್ಟಿಗೆ ಹೇಳುವುದಾದರೆ ಬಾಲದಲ್ಲಿ 'ಒ' ಬಂದರೆ ಗಂಡು, 'ಆ' ಬಂದರೆ ಹೆಣ್ಣು. ಮುಕ್ಕಾಲು ಕೆಲಸ ಇಷ್ಟರಲ್ಲೇ ಆಗುತ್ತದೆ. 'ಸಿಯೋನ್', 'ದಾದ್' ಅಂತ ಮುಗಿಯುವುವು ಹೆಣ್ಣು: ಲಾ ಕನ್ಸಿಯೋನ್ (ಹಾಡು), ಲಾ ಸಿಯುದಾದ್ (ನಗರ), ಲಾ ಕಂತಿದಾದ್ (ಮೊತ್ತ). 'ಆಹೆ' ಅಂತ ಮುಗಿಯುವುವು ಗಂಡು: ಎಲ್ ವಿಯಾಹೆ (ಪ್ರಯಾಣ), ಎಲ್ ಮೆನ್ಸಾಹೆ (ಮೆಸೇಜು). ಬರೀ 'ಎ' ಬಂದರೆ ಮಾತ್ರ ಏನೂ ಹೇಳಲಾಗದು. ಹಾಲು 'ಲಾ ಲೇಚೆ', ಹೆಣ್ಣು. ಕಾಫಿ 'ಎಲ್ ಕಫೇ', ಗಂಡು. ಎರಡೂ ಒಂದೇ ಲೋಟದಲ್ಲಿ ಸಂಸಾರ ಮಾಡಿಕೊಂಡಿವೆ.

ಇನ್ನು ಮೋಸ ಮಾಡುವ ಪದಗಳು. ಕೈ 'ಲಾ ಮಾನೊ'. ಬಾಲದಲ್ಲಿ 'ಒ' ಇದೆ, ಆದರೂ ಹೆಣ್ಣು. ಲ್ಯಾಟಿನ್‌ನಲ್ಲಿ ಹೆಣ್ಣಾಗಿದ್ದದ್ದು ಹಾಗೇ ಉಳಿದುಕೊಂಡಿದೆ. ಫೋಟೊ 'ಲಾ ಫೋತೊ', ಯಾಕೆಂದರೆ ಅದರ ಪೂರ್ತಿ ಹೆಸರು 'ಫೊತೊಗ್ರಫೀಯಾ'. ಅತ್ತ ಕಡೆ ಸಮಸ್ಯೆ 'ಎಲ್ ಪ್ರೊಬ್ಲೇಮಾ', ಭಾಷೆ 'ಎಲ್ ಇದಿಯೋಮಾ', ಸಿಸ್ಟಮ್ಮು 'ಎಲ್ ಸಿಸ್ತೇಮಾ', ಹವೆ 'ಎಲ್ ಕ್ಲೀಮಾ'. ಇವೆಲ್ಲ ಗ್ರೀಕ್‌ನಿಂದ ಬಂದ 'ಮಾ' ಮನೆತನದವು. ಅಲ್ಲಿ ನಪುಂಸಕ ಲಿಂಗದಲ್ಲಿದ್ದವು, ಸ್ಪ್ಯಾನಿಷ್‌ನಲ್ಲಿ ಗಂಡಾದವು. ನೋಡಿ, ಸಮಸ್ಯೆ ಗಂಡು, ಅದಕ್ಕೆ ಪರಿಹಾರ 'ಲಾ ಸೊಲುಸಿಯೋನ್' ಹೆಣ್ಣು. ಇದನ್ನು ಆಫೀಸಿನಲ್ಲಿ ಹೇಳಿ ನಗಿಸಿದ್ದೇನೆ. ನೀವೂ ಬಳಸಿಕೊಳ್ಳಬಹುದು.

ಮೇಜು ಹೆಣ್ಣು ಅಂದರೆ ನಗುವ ನಾವು ನಮ್ಮ ಮನೆಯನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳುತ್ತೇವೆ, ನಿಜ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕಿದ್ದೆಲ್ಲ ನಪುಂಸಕ. ಆದರೆ 'ಮಗು ಅತ್ತಿತು' ಅನ್ನುತ್ತೇವಲ್ಲ? ಅಳುತ್ತಿರುವುದು ಗಂಡು ಮಗುವೋ ಹೆಣ್ಣು ಮಗುವೋ, ಪದಕ್ಕೆ ಬೇಕಿಲ್ಲ. ಮಗು, ಕೂಸು, ಶಿಶು ನಿತ್ಯ ನಪುಂಸಕ ಅಂತ ಶಾಲೆಯ ವ್ಯಾಕರಣದಲ್ಲೇ ಓದಿದ್ದೆವು. ಸೂರ್ಯ ಒಮ್ಮೆ ಮೂಡಿದನು, ಒಮ್ಮೆ ಮೂಡಿತು. ದಕ್ಷಿಣ ಕನ್ನಡದ ಹವ್ಯಕ ಗೆಳತಿಯ ಮನೆಗೆ ಹೋದಾಗ 'ಅಕ್ಕ ಬಂತು' ಅಂತ ಕೇಳಿ ನಾನು ಬೆಚ್ಚಿದ್ದೆ. ಅವರಿಗೆ ಅದು ಸಲುಗೆಯ ಮಾತು, ಅಕ್ಕನಿಗೇನೂ ಬೇಜಾರಿಲ್ಲ. ಸ್ಪ್ಯಾನಿಷ್‌ನಲ್ಲಿ 'ಪೆರ್ಸೋನಾ', ಅಂದರೆ ವ್ಯಕ್ತಿ, ಯಾವತ್ತೂ ಹೆಣ್ಣು. ಆರಡಿ ಎತ್ತರದ ಮೀಸೆಯವನನ್ನೂ 'ಊನಾ ಬ್ವೇನಾ ಪೆರ್ಸೋನಾ' ಅಂತಲೇ ಹೊಗಳಬೇಕು. ಮಗು ಅತ್ತಿತು ಅನ್ನುವವರಿಗೆ ಇದು ವಿಚಿತ್ರ ಅನ್ನಿಸಬಾರದು.

ನಮ್ಮಲ್ಲಿ ಹಿಂದಿ ಓದಿದವರು ಅದರ ಸಹಾಯ ಸಿಗುತ್ತದೆ ಅಂದುಕೊಂಡಿರುತ್ತಾರೆ. ಹಿಂದಿಯ 'ಮೇಜ್' ಸ್ತ್ರೀಲಿಂಗ, ಸ್ಪ್ಯಾನಿಷ್ ಮೇಜೂ ಸ್ತ್ರೀಲಿಂಗ. ಆಹಾ ಅಂದುಕೊಳ್ಳುವಷ್ಟರಲ್ಲಿ 'ಕಿತಾಬ್' ಸ್ತ್ರೀಲಿಂಗ, 'ಲೀಬ್ರೊ' ಪುಲ್ಲಿಂಗ. 'ಹಾಥ್' ಪುಲ್ಲಿಂಗ, 'ಮಾನೊ' ಸ್ತ್ರೀಲಿಂಗ. ಪದಕ್ಕೆ ಪದ ಇಟ್ಟು ನೋಡಿದರೆ ಹಿಂದಿ ಕೈಕೊಡುತ್ತದೆ. ಹಾಗೆ ನೋಡಿದರೆ ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ಇವತ್ತಿಗೂ ಅವಸರದಲ್ಲಿ 'ಮೈ ಆತಾ ಹೂಂ' ಅಂದುಬಿಡುತ್ತೇನೆ. ಅಂದರೆ ಗ್ವಾದಲಹಾರಾಕ್ಕೆ ಮೊದಲೇ, ಬೆಂಗಳೂರಿನಲ್ಲೇ, ನಾನು ಎಷ್ಟೋ ಸಲ ಗಂಡಸಾಗಿದ್ದೆ. ಯಾರೂ ತಿದ್ದಿರಲಿಲ್ಲ, ಅಷ್ಟೆ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ನಾವು ದಿನಾ ಬಳಸುವ ಚಾವಿ, ಅಲಮಾರು, ಪಗಾರ ಎಲ್ಲ ಪೋರ್ಚುಗೀಸರಿಂದ ಬಂದ ಪದಗಳು. ಪೋರ್ಚುಗೀಸ್ ಸ್ಪ್ಯಾನಿಷ್‌ನ ತಂಗಿಯೇ. ಅಲ್ಲಿ ಚಾವಿ ಹೆಣ್ಣು, ಅಲಮಾರು ಗಂಡು. ಸ್ಪ್ಯಾನಿಷ್‌ನಲ್ಲೂ ಹಾಗೇ: ಲಾ ಯಾವೆ, ಎಲ್ ಅರ್ಮಾರಿಯೊ. ಕನ್ನಡಕ್ಕೆ ಬರುವಾಗ ಇವೆಲ್ಲ ಲಿಂಗವನ್ನು ಬಂದರಿನಲ್ಲೇ ಕಳಚಿಟ್ಟು ಬಂದವು. ಈಗ ಚಾವಿ ಕಳೆದರೆ 'ಕಳೆದುಹೋಯ್ತು', 'ಕಳೆದುಹೋದಳು' ಅಲ್ಲ.

ತಣ್ಣೀರಿನ ಗಂಟು

ಎರಡನೇ ವಾರ. ಬೆಳಿಗ್ಗೆ ಸ್ನಾನಕ್ಕೆ ಹೊರಟಿದ್ದೆ. ಒಡತಿ ಅಡುಗೆಮನೆಯಿಂದಲೇ ಕೂಗಿದರು: "ಎಲ್ ಆಗ್ವಾ ಎಸ್ತಾ ಫ್ರೀಯಾ!" ನೀರು ತಣ್ಣಗಿದೆ, ಗ್ಯಾಸ್ ಖಾಲಿ. ನಾನು ಟವೆಲ್ ಹಿಡಿದುಕೊಂಡು ಅಲ್ಲೇ ನಿಂತೆ. ತಣ್ಣೀರಿನ ಚಿಂತೆ ಆಮೇಲೆ. 'ಎಲ್' ಅಂದರೆ ಗಂಡು ಅಲ್ವಾ? 'ಫ್ರೀಯಾ' ಅಂದರೆ ಹೆಣ್ಣು ಅಲ್ವಾ? ಒಂದೇ ನೀರು ವಾಕ್ಯದ ಈ ಕಡೆ ಗಂಡು, ಆ ಕಡೆ ಹೆಣ್ಣು. ಎಪ್ಪತ್ತು ವರ್ಷದಿಂದ ಸ್ಪ್ಯಾನಿಷ್ ಆಡುತ್ತಿರುವವರು ತಪ್ಪು ಮಾಡಿದರೇ?

ಸಂಜೆ ಆಫೀಸಿನಲ್ಲಿ ಕೇಳಿದೆ. ಉತ್ತರ ಕೇಳಿ ನನಗೆ ಏಳನೇ ಕ್ಲಾಸಿನ ಸಂಧಿ ಪಾಠ ನೆನಪಾಯಿತು. ನೀರು ಹೆಣ್ಣೇ. 'ಲಾ ಆಗ್ವಾ' ಅನ್ನಬೇಕಿತ್ತು. ಆದರೆ 'ಆ' ಮೇಲೆ 'ಆ' ಬಂದು, ಎರಡನೆಯ 'ಆ' ಒತ್ತಿ ಹೇಳುವಂಥದ್ದಾದರೆ ನಾಲಿಗೆ ಮುಗ್ಗರಿಸುತ್ತದೆ. ನಾವಾಗಿದ್ದರೆ ಸವರ್ಣದೀರ್ಘ ಮಾಡಿ 'ಲಾಗ್ವಾ' ಅಂದುಬಿಡುತ್ತಿದ್ದೆವು. ಅವರು ಬೇರೆ ದಾರಿ ಹಿಡಿದರು. ಲ್ಯಾಟಿನ್‌ನ 'ಇಲ್ಲಾ' ಎಂಬ ಸ್ತ್ರೀಲಿಂಗ ಪದ ಹಳೆಯ ಸ್ಪ್ಯಾನಿಷ್‌ನಲ್ಲಿ 'ಎಲಾ' ಆಗಿತ್ತು. ಬೇರೆ ಪದಗಳ ಮುಂದೆ ಅದರ ತಲೆ ಉದುರಿ 'ಲಾ' ಉಳಿಯಿತು. 'ಆ' ಮುಂದೆ ಬಾಲ ಉದುರಿ 'ಎಲ್' ಉಳಿಯಿತು. ಅಂದರೆ ಇಲ್ಲಿನ 'ಎಲ್' ಗಂಡಿನ ವೇಷದಲ್ಲಿರುವ ಹೆಣ್ಣೇ. ಅದಕ್ಕೇ ಬಹುವಚನದಲ್ಲಿ ವೇಷ ಕಳಚುತ್ತದೆ: 'ಲಾಸ್ ಆಗ್ವಾಸ್'. ವಿಶೇಷಣವಂತೂ ಯಾವತ್ತೂ ಮೋಸ ಹೋಗುವುದಿಲ್ಲ, 'ಫ್ರೀಯಾ' ಅಂತಲೇ ಹೇಳುತ್ತದೆ. ಹದ್ದು 'ಎಲ್ ಆಗಿಲಾ', ಆತ್ಮ 'ಎಲ್ ಆಲ್ಮಾ', ಹಸಿವು 'ಎಲ್ ಆಂಬ್ರೆ', ಎಲ್ಲ ಇದೇ ಜಾತಿ.

ಇದರಿಂದ ನನಗೆ ಒಂದು ಹೊಳೆಯಿತು. ಪದದ ಲಿಂಗ ತಿಳಿಯಬೇಕಾದರೆ ಪದವನ್ನು ನೋಡಿದರೆ ಸಾಲದು, ಅದರ ಮುಂದಿನ 'ಎಲ್', 'ಲಾ' ನೋಡಿದರೂ ಕೆಲವೊಮ್ಮೆ ಸಾಲದು. ಕೊನೆಗೆ ಸಾಕ್ಷಿ ಹೇಳುವುದು ವಿಶೇಷಣ. ಪದವನ್ನು ಒಂಟಿಯಾಗಿ ಕಲಿಯುವುದನ್ನು ಆವತ್ತಿನಿಂದ ಬಿಟ್ಟೆ. ಜೋಡಿಯಾಗಿ ಕಲಿತೆ: ಆಗ್ವಾ ಫ್ರೀಯಾ, ಮಾನೊ ದೆರೇಚಾ (ಬಲಗೈ), ಪ್ರೊಬ್ಲೇಮಾ ಸೇರಿಯೊ (ಗಂಭೀರ ಸಮಸ್ಯೆ). ಎರಡನೆಯ ಪದ ಮೊದಲನೆಯದನ್ನು ಕಾಯುತ್ತದೆ.

ಸಾರಿಗೆ ಸೇಬು

ಗ್ವಾದಲಹಾರಾದ ಸಾನ್ ಹ್ವಾನ್ ದೆ ದಿಯೋಸ್ ಮಾರ್ಕೆಟ್ ನೋಡಿದರೆ ನಮ್ಮ ಕೆ.ಆರ್. ಮಾರ್ಕೆಟ್ಟಿಗೆ ಯಾರೋ ಮಹಡಿ ಮೇಲೆ ಮಹಡಿ ಕಟ್ಟಿದ ಹಾಗಿದೆ. 1958ರಲ್ಲಿ ಶುರುವಾದದ್ದು. ಹಣ್ಣು, ತರಕಾರಿ, ಚಪ್ಪಲಿ, ಬೆಲ್ಟು, ಔಷಧಿ ಸೊಪ್ಪು, ಊಟ, ಎಲ್ಲ ಒಂದೇ ಚಾವಣಿಯ ಕೆಳಗೆ. ಒಂದು ಶನಿವಾರ ಸಾರು ಮಾಡಿ ಒಡತಿಗೆ ಬಡಿಸಬೇಕು ಅಂತ ಟೊಮೇಟೊ ತರಲು ಹೋದೆ. ಬೇಳೆ, ಸಾರಿನ ಪುಡಿ ಬೆಂಗಳೂರಿನಿಂದಲೇ ಹೊತ್ತು ತಂದಿದ್ದೆ.

ಅಂಗಡಿಯವನು ನನ್ನನ್ನು ನೋಡಿದ್ದೇ "ಗ್ವೆರೀತಾ!" ಅಂತ ಕರೆದ. ಬೆಳ್ಳಗಿರುವವಳೇ ಅಂತ ಅರ್ಥ. ನನ್ನ ಬಣ್ಣಕ್ಕೂ ಆ ಮಾತಿಗೂ ಯಾವ ಸಂಬಂಧವೂ ಇಲ್ಲ. ಅಲ್ಲಿನ ಮಾರ್ಕೆಟ್ಟುಗಳಲ್ಲಿ ಬಂದ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ನಮ್ಮಲ್ಲಿ ಸೊಪ್ಪಿನವಳು ಎಲ್ಲರಿಗೂ 'ಅಕ್ಕಾ' ಅನ್ನುವುದಿಲ್ವಾ, ಹಾಗೆ. (ಜೀವನದಲ್ಲಿ ಮೊದಲ ಸಲ ನನ್ನನ್ನು ಯಾರೋ ಬಿಳಿ ಅಂದರು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ.)

ಅವನ ಮುಂದೆ ನಾಲ್ಕು ಗುಡ್ಡೆ. ಕೆಂಪು ಸೇಬು, ಹಸಿರು ಸೇಬು, ಕೆಂಪು ಟೊಮೇಟೊ, ಹಸಿರು ಸಿಪ್ಪೆಯ ಸಣ್ಣ ತೊಮಾತೆ. ಕೆಂಪು ಟೊಮೇಟೊಗೆ ಅಲ್ಲಿ 'ಹಿತೊಮಾತೆ' ಅನ್ನುತ್ತಾರೆ. ಆ ಹೊತ್ತಿಗೆ ನನಗೆ ಆ ಹೆಸರು ನೆನಪಾಗಲಿಲ್ಲ. ಕೈ ತೋರಿಸಿ "ಅರ್ಧ ಕಿಲೊ, ಲಾಸ್ ರೋಹಾಸ್" ಅಂದೆ. ಆ ಕೆಂಪನೆಯವು ಅಂತ. ಅವನು ಒಂದು ಕ್ಷಣವೂ ಯೋಚಿಸದೆ ಸೇಬು ತೂಗಿದ. ನಾನು ಬೆರಳು ತೋರಿಸಿದ್ದು ಟೊಮೇಟೊ ಕಡೆಗೇ. ಗುಡ್ಡೆಗಳು ಅಕ್ಕಪಕ್ಕ ಇದ್ದವು ಅನ್ನಿ, ಬೆರಳು ಸ್ವಲ್ಪ ಆಚೀಚೆ ಆಗಿರಬಹುದು. ಆದರೆ ಅವನು ನಂಬಿದ್ದು ಬೆರಳನ್ನಲ್ಲ, 'ಆಸ್' ಅನ್ನುವ ಬಾಲವನ್ನು. 'ರೋಹಾಸ್' ಅಂದರೆ ಕೆಂಪನೆಯ ಹೆಣ್ಣುಗಳು. ಸೇಬು, 'ಲಾ ಮನ್ಸಾನಾ', ಹೆಣ್ಣು. ಹಿತೊಮಾತೆ ಗಂಡು. ಟೊಮೇಟೊ ಬೇಕಿದ್ದರೆ 'ಲೋಸ್ ರೋಹೊಸ್' ಅನ್ನಬೇಕಿತ್ತು.

ಆ ದಿನ ಸಾರಿಲ್ಲ, ಸೇಬು. ಬಸ್ಸಿನಲ್ಲಿ ಕೂತು ಒಂದನ್ನು ಕಚ್ಚುತ್ತಾ ಯೋಚಿಸಿದೆ. ಸುಮ್ನೆ ಶಾಸ್ತ್ರಕ್ಕೆ ಇಟ್ಟುಕೊಂಡ ನಿಯಮ ಅಂದುಕೊಂಡಿದ್ದೆನಲ್ಲ, ಅದು ನಾನು ಹೆಸರು ಹೇಳದೆಯೇ ಅವನಿಗೆ ವಸ್ತುವನ್ನು ತೋರಿಸಿಬಿಟ್ಟಿತು. ತಪ್ಪು ವಸ್ತುವನ್ನು, ನಿಜ. ಆದರೆ ಎಷ್ಟು ಖಚಿತವಾಗಿ!

ನಾನು ಚಿಕ್ಕವಳಿದ್ದಾಗ

ಇಷ್ಟಾದರೂ ನನ್ನ ಮೊದಲ ರಾತ್ರಿಯ ಕಾಯಿಲೆ ವಾಸಿಯಾಗಿರಲಿಲ್ಲ. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವಾಗ 'ಒ' ಬಂದುಬಿಡುತ್ತಿತ್ತು. ಒಕುಪಾದೊ (ಕೆಲಸದಲ್ಲಿ ಮುಳುಗಿದ್ದೇನೆ), ಎನ್ಫೇರ್ಮೊ (ಹುಷಾರಿಲ್ಲ), ಲೀಸ್ತೊ (ರೆಡಿ). ಒಂದು ವಾರ ಉಪಾಯ ಮಾಡಿದೆ. 'ಫೆಲೀಸ್' ಅಂದರೆ ಖುಷಿ, 'ತ್ರೀಸ್ತೆ' ಅಂದರೆ ಬೇಜಾರು. ಈ ಎರಡಕ್ಕೂ ಗಂಡು ಹೆಣ್ಣಿನ ಭೇದವಿಲ್ಲ. ಹಾಗಾಗಿ ಆ ವಾರ ಪೂರ್ತಿ ನಾನು ಖುಷಿಯಾಗಿದ್ದೆ ಇಲ್ಲವೇ ಬೇಜಾರಾಗಿದ್ದೆ. ಸುಸ್ತು, ಸಿಟ್ಟು, ಜ್ವರ ಯಾವುದೂ ಬರಲಿಲ್ಲ.

ಒಂದು ಸಂಜೆ ಒಡತಿ ಯಾರದೋ ಕಥೆ ಹೇಳುತ್ತಿದ್ದರು. ಪಕ್ಕದ ಬೀದಿಯವರು ಯಾರೋ. ವೀನೊ ಅಯೇರ್, ನಿನ್ನೆ ಬಂದ. ಅಥವಾ ಬಂದಳು. 'ವೀನೊ' ಅಂದರೆ ಎರಡೂ ಹೌದು. ಕೂತ, ಅಥವಾ ಕೂತಳು. ಮಾತಾಡಲಿಲ್ಲ. ಕಾಫಿ ಕುಡಿಯಲಿಲ್ಲ. ನಾನು ಮನಸ್ಸಿನಲ್ಲಿ ಒಬ್ಬ ಮುದುಕನನ್ನು ಕೂರಿಸಿಕೊಂಡು ಕೇಳುತ್ತಿದ್ದೆ. ಹತ್ತನೇ ವಾಕ್ಯಕ್ಕೋ ಏನೋ "ಎಸ್ತಾಬಾ ಎನೊಹಾದಾ" ಅಂದರು. ಸಿಟ್ಟಾಗಿದ್ದಳು! ಮುದುಕ ಎದ್ದುಹೋದ, ಅವನ ಜಾಗದಲ್ಲಿ ಹೆಂಗಸೊಬ್ಬಳು ಬಂದು ಕೂತಳು. ಕಥೆಯನ್ನು ಮೊದಲಿನಿಂದ ಮತ್ತೆ ಮನಸ್ಸಿನಲ್ಲಿ ಓಡಿಸಬೇಕಾಯಿತು.

ಆಗ ಅರ್ಥವಾಯಿತು, ನನ್ನ ಕಿವಿ ತಪ್ಪು ಜಾಗದಲ್ಲಿ ಕಾದು ಕೂತಿದೆ ಅಂತ. ಕನ್ನಡದವರು ಹೆಣ್ಣೋ ಗಂಡೋ ಅಂತ ತಿಳಿಯಲು ಕ್ರಿಯಾಪದದ ಕೊನೆ ನೋಡುತ್ತೇವೆ. ಬಂದನು, ಬಂದಳು, ಬಂದಿತು. ವಿಶೇಷಣದ ಗೊಡವೆಗೆ ಹೋಗುವುದಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆ. ಸ್ಪ್ಯಾನಿಷ್ ಇದಕ್ಕೆ ಪೂರಾ ಉಲ್ಟಾ. ಕ್ರಿಯಾಪದಕ್ಕೆ ಲಿಂಗದ ಹಂಗಿಲ್ಲ, ವಿಶೇಷಣಕ್ಕಿದೆ: ನೀನ್ಯೊ ಬ್ವೇನೊ, ನೀನ್ಯಾ ಬ್ವೇನಾ, ಕಾಸಾ ಬ್ವೇನಾ. ನಾವು ಹಿಂಬಾಗಿಲಲ್ಲಿ ಕಾಯುತ್ತಿದ್ದರೆ ಲಿಂಗ ಮುಂಬಾಗಿಲಿನಿಂದ ಬಂದು ಹೋಗಿರುತ್ತದೆ. ಹಿಂದಿಯವರಿಗೆ ಈ ತೊಂದರೆ ಕಡಿಮೆ. ಅವರಿಗೆ ಅಚ್ಛಾ-ಅಚ್ಛೀಯೂ ಉಂಟು, ಆಯಾ-ಆಯೀಯೂ ಉಂಟು.

ಹಾಗಾದರೆ ಕನ್ನಡದಲ್ಲಿ ವಿಶೇಷಣ ಲಿಂಗ ತೋರಿಸುವುದೇ ಇಲ್ಲವೇ? ಇದರ ಉತ್ತರ ಸಿಕ್ಕಿದ್ದು ನನ್ನದೇ ಬಾಯಿಂದ. ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ, "ನಾನು ಚಿಕ್ಕವಳಿದ್ದಾಗ ಅಜ್ಜಿ..." ಅಂತ ಏನೋ ಹೇಳಲು ಹೊರಟು ತಟ್ಟನೆ ನಿಂತೆ. ಚಿಕ್ಕವಳಿದ್ದಾಗ! ನನ್ನ ಗಂಡ ಆದರೆ 'ಚಿಕ್ಕವನಿದ್ದಾಗ' ಅನ್ನುತ್ತಾನೆ. 'ನಾನು' ಅನ್ನುವಾಗಲೂ ನಾವು ಹೆಣ್ಣೋ ಗಂಡೋ ಹೇಳಿಕೊಳ್ಳುತ್ತೇವೆ, ವಿಶೇಷಣ ನಾಮಪದದ ಹಾಗೆ ನಿಂತಾಗ. ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು, ಒಳ್ಳೆಯವರು, ಒಳ್ಳೆಯವು. ಎಣಿಕೆಯಲ್ಲೂ ಉಂಟು: ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಮನೆ. ಇಷ್ಟೆಲ್ಲ ಹೊಂದಾಣಿಕೆ ನಾಲಿಗೆ ತುದಿಯಲ್ಲಿಟ್ಟುಕೊಂಡು ನಾನು 'ನಮ್ಮಲ್ಲಿ ಇಲ್ಲವೇ ಇಲ್ಲ' ಅಂತ ಕೂತಿದ್ದೆ.

ಅಲ್ಲಿಂದ ಮುಂದೆ 'ಕನ್ಸಾದಾ' ಅನ್ನುವುದನ್ನು 'ಸುಸ್ತಾಗಿದೆ' ಅಂತ ತಿರುಗಿಸುವುದು ಬಿಟ್ಟೆ. 'ದಣಿದವಳು' ಅಂತ ತಿರುಗಿಸಿಕೊಂಡೆ. 'ಒಕುಪಾದಾ' ಕೆಲಸದಲ್ಲಿರುವವಳು, 'ಎನ್ಫೇರ್ಮಾ' ಹುಷಾರಿಲ್ಲದವಳು. 'ವಳು' ಬಂದ ಕೂಡಲೇ 'ಆ' ತಾನಾಗಿ ಬಂತು. ವಿಶೇಷಣ ಅಲ್ಲಿ ನಾಮಪದದ ಹಿಂದೆ ಬರುವುದೂ ಇದಕ್ಕೆ ಅನುಕೂಲವೇ. 'ಬಿಳಿ ಮನೆ' ಅನ್ನದೆ 'ಮನೆ, ಬಿಳಿಯವಳು' ಅಂತ ಯೋಚಿಸಿದರೆ 'ಕಾಸಾ ಬ್ಲಾಂಕಾ' ಸರಿಯಾಗಿ ಬರುತ್ತದೆ. ಮನೆ ಬಿಳಿಯವಳಾದದ್ದಕ್ಕೆ ಸ್ವಲ್ಪ ನಗು ಬರುತ್ತದೆ, ಬರಲಿ. ನಗು ಬಂದದ್ದು ಮರೆಯುವುದಿಲ್ಲ.

ಒಳ್ಳೆಯವನು 'ಎಲ್ ಬ್ವೇನೊ', ಒಳ್ಳೆಯವಳು 'ಲಾ ಬ್ವೇನಾ'. 'ಒಳ್ಳೆಯದು' ಮಾತ್ರ ಉಳಿಯಿತಲ್ಲ? ಅದಕ್ಕೂ ಇದೆ: 'ಲೋ ಬ್ವೇನೊ'. ಲ್ಯಾಟಿನ್‌ನಲ್ಲಿ ನಮ್ಮ ಹಾಗೇ ಮೂರು ಲಿಂಗ ಇದ್ದವು. ಸ್ಪ್ಯಾನಿಷ್ ಆಗುವ ಹೊತ್ತಿಗೆ ನಪುಂಸಕ ಬಿದ್ದುಹೋಗಿ, ಅದರ ಹೆಚ್ಚಿನ ಪದಗಳು ಗಂಡಿನ ಪಾಳಯ ಸೇರಿದವು. ಕೆಲವು ಬಹುವಚನದಲ್ಲಿ 'ಆ'ಕಾರ ಇದ್ದದ್ದರಿಂದ ಹೆಣ್ಣೆಂದು ಎಣಿಸಿಕೊಂಡವು. ಎಲೆ, 'ಲಾ ಓಹಾ', ಹಾಗೆ ಹೆಣ್ಣಾದದ್ದು. ನಪುಂಸಕದ ಪಳೆಯುಳಿಕೆಯಾಗಿ ಈ 'ಲೋ' ಉಳಿದಿದೆ, ವಸ್ತುವಲ್ಲದ, ಬರೀ ಗುಣದ ಮಾತಿಗೆ. ನಮ್ಮಲ್ಲಿ 'ಲೋ' ಅಂದರೆ ಗಂಡು ಹುಡುಗರೇ ತಿರುಗಿ ನೋಡುತ್ತಾರೆ. ಅಲ್ಲಿ ಅದು ಎರಡೂ ಅಲ್ಲದ್ದು.

ಆಫೀಸಿನಲ್ಲೂ ಇದು ಒಮ್ಮೆ ಕೈಹಿಡಿಯಿತು, ಅಥವಾ ಕೈಕೊಟ್ಟಿತು ಅನ್ನಿ. ಇನ್‌ವಾಯ್ಸ್‌ಗೆ 'ಲಾ ಫಕ್ತೂರಾ', ಫೈಲಿಗೆ 'ಎಲ್ ಅರ್ಚೀವೊ'. ಮೊತ್ತ ತಪ್ಪಿದ್ದ ಇನ್‌ವಾಯ್ಸ್ ಸರಿಮಾಡಿ ಕಳಿಸುತ್ತಾ, ತಿದ್ದಿದ ಇನ್‌ವಾಯ್ಸಿನ ಫೈಲು ಅಂತ ಬರೆಯಲು ಹೋಗಿ "ಎಲ್ ಅರ್ಚೀವೊ ದೆ ಲಾ ಫಕ್ತೂರಾ ಕೊರ್ರೆಹೀದೊ" ಅಂದೆ. ಕೂಡಲೇ ಆ ಕಡೆಯಿಂದ ಮೇಲ್ ಬಂತು: ಫೈಲು ಮಾತ್ರ ಸರಿಮಾಡಿದ್ದೀರಾ, ಮೊತ್ತ ಹಳೆಯದೇನಾ? ಅವರ ಪ್ರಶ್ನೆ ನ್ಯಾಯವಾದದ್ದು. 'ಕೊರ್ರೆಹೀದೊ' ಗಂಡು, ಹೋಗಿ ಅಂಟಿಕೊಂಡದ್ದು ಫೈಲಿಗೆ. 'ಕೊರ್ರೆಹೀದಾ' ಅಂದಿದ್ದರೆ ಇನ್‌ವಾಯ್ಸಿಗೆ ಅಂಟುತ್ತಿತ್ತು. ಮಧ್ಯೆ ಎಷ್ಟು ಪದ ಬಂದರೂ ವಿಶೇಷಣ ತನ್ನವರು ಯಾರು ಅಂತ ಬಾಲದಿಂದಲೇ ಗುರುತಿಸುತ್ತದೆ. ಜಾತ್ರೆಯಲ್ಲಿ ಮಕ್ಕಳಿಗೆ ಒಂದೇ ಬಣ್ಣದ ಅಂಗಿ ಹಾಕಿ ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ.

ಕೊನೆಯಲ್ಲಿ 'ಆ'

2024ರ ಅಕ್ಟೋಬರ್ 1, ಮಂಗಳವಾರ. ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ದಿನವಾದ್ದರಿಂದ ಮೆಕ್ಸಿಕೊಗೆಲ್ಲ ರಜೆ. ಒಡತಿ ಬೆಳಿಗ್ಗೆಯೇ ಟೀವಿ ಹಾಕಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಕ್ಲೌಡಿಯಾ ಶೇನ್‌ಬಾಮ್ ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆ. ಭಾಷಣದ ವೇಗಕ್ಕೆ ನನಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ಒಂದು ಕಡೆ ಕಿವಿ ನೆಟ್ಟಗಾಯಿತು. ತಮ್ಮನ್ನು 'ಪ್ರೆಸಿದೆಂತಾ' ಅನ್ನಿ, ಕೊನೆಯಲ್ಲಿ 'ಆ' ಇರಲಿ ಅಂತ ಅವರು ಒತ್ತಿ ಹೇಳಿದರು. ಹಾಗೇ ಅಬೊಗಾದಾ, ದೊಕ್ತೋರಾ, ಇನ್ಹೆನಿಯೇರಾ ಅಂತ ವಕೀಲೆ, ವೈದ್ಯೆ, ಎಂಜಿನಿಯರ್ ಎಲ್ಲರಿಗೂ 'ಆ' ಸೇರಿಸುತ್ತಾ ಹೋದರು. ವ್ಯಾಕರಣದ ಪಾಠ ಕೇಳುತ್ತಿದ್ದೇನೋ ಪ್ರಮಾಣವಚನ ಸಮಾರಂಭ ನೋಡುತ್ತಿದ್ದೇನೋ ಅಂತ ಅನುಮಾನ ಬಂತು.

'ಪ್ರೆಸಿದೆಂತೆ' ಅನ್ನುವ 'ಎ'ಕಾರದ ಪದ ಗಂಡಿಗೂ ಹೆಣ್ಣಿಗೂ ನಡೆಯುತ್ತದೆ. ಅದನ್ನೇ ಇಟ್ಟುಕೊಂಡರೆ ಸಾಕಲ್ಲ ಅನ್ನುವವರು ಅಲ್ಲೂ ಇದ್ದಾರೆ. 'ಪ್ರೆಸಿದೆಂತಾ' ಹೊಸ ಪದವೂ ಅಲ್ಲ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟಿನಲ್ಲಿ 1803ರಿಂದಲೇ ಇದೆ. ನಮ್ಮಲ್ಲಿ ಪಂಚಾಯ್ತಿಗೆ 'ಅಧ್ಯಕ್ಷೆ' ಸಲೀಸಾಗಿ ಬಂದಳು, ದೇಶಕ್ಕೆ ಮಾತ್ರ 'ರಾಷ್ಟ್ರಪತಿ'ಯೇ. 2007ರಲ್ಲಿ ಪ್ರತಿಭಾ ಪಾಟೀಲ್ ಬಂದಾಗ ಏನಂತ ಕರೆಯಬೇಕು ಅಂತ ಮಾತಾಗಿತ್ತು, ಆಮೇಲೆ ಎಲ್ಲರೂ ಸುಮ್ಮನಾದರು. ಅಧ್ಯಕ್ಷೆ ಅನ್ನದಿದ್ದರೂ 'ಬಂದರು' ಅಂತ ಗೌರವದ ಬಹುವಚನ ಹಾಕಿ ನಾವು ಪಾರಾಗಬಹುದು. ನಮ್ಮ 'ಅವರು' ದೊಡ್ಡ ಕೊಡೆ, ಎಲ್ಲರೂ ಅದರ ಕೆಳಗೆ ನಿಲ್ಲಬಹುದು. ಸ್ಪ್ಯಾನಿಷ್‌ನಲ್ಲಿ ಆ ಕೊಡೆ ಗಂಡಿನದು. ಹತ್ತು ಹೆಂಗಸರಿದ್ದರೆ 'ಕನ್ಸಾದಾಸ್'. ಅವರ ಮಧ್ಯೆ ಒಬ್ಬ ಗಂಡಸು ಬಂದು ಕೂತರೆ ಹನ್ನೊಂದೂ ಜನ 'ಕನ್ಸಾದೊಸ್'. ಈ ನಿಯಮ ಕೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಒಡತಿಯನ್ನು ಕೇಳಿದರೆ, "ಹಾಗೇ ಮಾತಾಡೋದು, ಮಿಹಾ" ಅಂತ ಟೀವಿಯ ಕಡೆ ತಿರುಗಿದರು. ಆದರೆ ಆ ದಿನ ಇಡೀ 'ಪ್ರೆಸಿದೆಂತಾ' ಅನ್ನುವಾಗ ಕೊನೆಯ 'ಆ'ವನ್ನು ಸ್ವಲ್ಪ ಜಾಸ್ತಿಯೇ ಎಳೆಯುತ್ತಿದ್ದರು.

ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಆಕೆ ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸಿ ಇಡುತ್ತಿದ್ದೆ. "ನಿಮ್ಮ ಭಾಷೆಯಲ್ಲಿ ಕನ್ಸಾದಾ ಅನ್ನಲು ಏನನ್ನುತ್ತೀರಿ?" ಅಂತ ಕೇಳಿದರು.

"ಸುಸ್ತಾಗಿದೆ."

"ಸುಸ್ತಾಗಿದೆ," ಅಂದರು, ಚೆನ್ನಾಗೇ ಅಂದರು. "ಗಂಡಸಿಗೆ?"

"ಅದೇ. ಸುಸ್ತಾಗಿದೆ."

ನನಗೆ ಪ್ರಶ್ನೆ ಅರ್ಥವಾಗಿಲ್ಲ ಅಂದುಕೊಂಡರು. ಸೋಪಿನ ಕೈಯಲ್ಲೇ ಹಾಲ್ ಕಡೆ ತೋರಿಸಿದರು. ಅವರ ಯಜಮಾನರು ಫುಟ್‌ಬಾಲ್ ಹಾಕಿಕೊಂಡು ಸೋಫಾದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. "ನನಗಲ್ಲ, ಅವರಿಗೆ. ಅವರಿಗೆ ಏನನ್ನುತ್ತೀರಿ?" ಅವರಿಗೂ ಅದೇ ಅಂದೆ. ಆಕೆ ತಲೆ ಆಡಿಸುತ್ತಾ ಇನ್ನೊಂದು ತಟ್ಟೆ ತೊಳೆದರು. ಇಂಥ ಭಾಷೆಯನ್ನು ಹೀಗೇ ಬಿಟ್ಟರೆ ಆಗುವುದಿಲ್ಲ ಅನ್ನಿಸಿರಬೇಕು. ತಟ್ಟೆ ನನ್ನ ಕೈಗೆ ಕೊಟ್ಟು, ತಮ್ಮ ಎದೆ ಮುಟ್ಟಿಕೊಂಡು, "ಯೊ, ಸುಸ್ತಾಗಿದಾ" ಅಂದರು. ಹಾಲ್ ಕಡೆ ಗಲ್ಲ ಎತ್ತಿ, "ಏಲ್, ಸುಸ್ತಾಗಿದೊ."

ಈಗಲೂ ತಿಂಗಳಿಗೆ ಒಂದೆರಡು ಸಲ ಅವರ ವಾಯ್ಸ್ ಮೆಸೇಜ್ ಬರುತ್ತದೆ. ಕಳೆದ ವಾರ ಮನೆಗೆ ಬಣ್ಣ ಹೊಡೆಸುತ್ತಿದ್ದರಂತೆ, ಇಬ್ಬರೂ ಸೇರಿ ಸಾಮಾನೆಲ್ಲ ಎತ್ತಿಟ್ಟರಂತೆ. "ಅಯ್ ಮಿಹಾ," ಅಂತ ಉಸಿರು ಬಿಟ್ಟು ಹೇಳಿದರು, "ಎಸ್ತಾಮೊಸ್ ಮುಯ್ ಸುಸ್ತಾಗಿದೊಸ್."